ರಜೆಗೆ ಹೊರಟಿರಾ? ಮೀನಿನ ತೊಟ್ಟಿಯ ನೀರು ನೋಡಿದಿರಾ?

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಗಂಗಾವತಿ ಕಡೆ ಬಿಸಿಲಿನ ಜೊತೆಗೇ ಪ್ರಯಾಣದ ಗಡಿಬಿಡಿಯೂ ಶುರುವಾಗುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ತವರಿನಿಂದ “ಯಾವಾಗ ಬರ್ತೀಯವ್ವಾ?” ಎಂಬ ಫೋನು ದಿನಕ್ಕೆರಡು ಸಲ ಬರುತ್ತಿರುತ್ತದೆ. ಹಾಲಿನವನಿಗೆ ಹೇಳಬೇಕು, ಗ್ಯಾಸ್ ಬಂದ್ ಮಾಡಬೇಕು, ತುಳಸಿಗೆ ನೀರು ಹಾಕುವವರನ್ನು ಹುಡುಕಬೇಕು. ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಮೀನು ಸಾಕಿದ್ದರಂತೂ ಕೇಳಲೇಬೇಡಿ! ತುಳಸಿ ಎರಡು ದಿನ ಬಾಡಿದರೂ ಚಿಗುರೀತು, ಮೀನು ಹಾಗಲ್ಲ.

ಈ ಮಾತನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಒಂದು ಬೇಸಿಗೆಯಲ್ಲಿ ನಾನು ಮಾಡಿದ ತಪ್ಪಿನಿಂದ ಮಗಳ ಆರು ಗೋಲ್ಡ್ ಫಿಶ್‌ಗಳು ಸತ್ತವು. ಅದಕ್ಕಿಂತ ದೊಡ್ಡದಾಗಿ, ಪಕ್ಕದ ಮನೆಯ ಅಕ್ಕಾರ ಜೊತೆಗಿನ ಹದಿನೈದು ವರ್ಷದ ಸ್ನೇಹ ಮುರಿಯುವುದರಲ್ಲಿತ್ತು. ನಿಮ್ಮಲ್ಲಿ ಯಾರಿಗೂ ಹಾಗಾಗದಿರಲಿ ಎಂದೇ ಬರೆಯುತ್ತಿದ್ದೇನೆ.

ತುಂಬಿಸಿಟ್ಟು ಹೋದೆ

ನಮ್ಮ ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಅದರ ಕೆಳಗಿನ ಕಪಾಟಿನಲ್ಲಿ ಎರಡು ಅಡಿ ಉದ್ದದ ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ ಇದೆ. ಅಂಗಡಿಯವರು ಅದಕ್ಕೆ ‘ಸಂಪು’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮ ಅತ್ತೆಯವರು, “ಅಂಗಳದಾಗ ಸಂಪು ಐತಲ್ಲ, ಇದ್ಯಾಕ ಮತ್ತೊಂದು?” ಎಂದು ನಕ್ಕಿದ್ದರು. ಅಂಗಳದ ಸಂಪು ನಮಗೆ ನೀರು ಕೂಡಿಡುವುದಕ್ಕೆ. ಮೀನಿನ ಸಂಪು ನೀರನ್ನು ಸೋಸುವುದಕ್ಕೆ. ಮೇಲಿನ ತೊಟ್ಟಿಯಿಂದ ತುಳುಕಿದ ನೀರು ಕೊಳವೆಯಲ್ಲಿ ಇಳಿದು ಕೆಳಗೆ ಬರುತ್ತದೆ. ಅಲ್ಲಿ ಸ್ಪಂಜು, ಸಣ್ಣ ಕಲ್ಲುಗಳ ನಡುವೆ ಹಾದು ಶುದ್ಧವಾಗುತ್ತದೆ. ಕೊನೆಯ ಖಾನೆಯಲ್ಲಿರುವ ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಹಗಲೂ ರಾತ್ರಿ ಇದೇ ಸುತ್ತು.

ಆ ವರ್ಷ ಹತ್ತು ದಿನ ಧರ್ಮಸ್ಥಳ, ಶೃಂಗೇರಿ, ಮಂಗಳೂರು ಎಂದು ಹೊರಟೆವು. ಬಿಸಿಲಿಗೆ ನೀರು ಆರಿ ಸಂಪು ಬತ್ತಿದರೆ ಪಂಪು ಸುಟ್ಟೀತು ಎಂಬ ಭಯ ನನಗೆ. ನನ್ನ ತವರು ಕುಷ್ಟಗಿ ಕಡೆಯ ಹಳ್ಳಿ. ಬೇಸಿಗೆಯಲ್ಲಿ ಒಂದು ಕೊಡ ನೀರಿಗಾಗಿ ಬೋರಿನ ಮುಂದೆ ಸರದಿ ನಿಂತು ಬೆಳೆದವಳು ನಾನು. ಊರಿಗೆ ಹೋಗುವ ಮುಂಚೆ ಕೊಡ, ಹಂಡೆ, ಬಕೆಟ್ಟು ಎಲ್ಲ ತುಂಬಿಸಿ ಇಡುವುದು ನಮ್ಮವ್ವ ಕಲಿಸಿದ ಪಾಠ. ಅದೇ ರೂಢಿಯಲ್ಲಿ ಮೀನಿನ ಸಂಪನ್ನೂ ಕಂಠಪೂರ್ತಿ ತುಂಬಿಸಿದೆ. ಬೀಗದ ಕೈ ಅಕ್ಕಾರ ಕೈಗಿಟ್ಟು, “ದಿನಾ ಒಂದು ಚಿಟಿಕೆ ಊಟ ಹಾಕ್ರಿ ಅಕ್ಕಾರ. ನೀರಿನ ಚಿಂತಿ ಬ್ಯಾಡ, ತುಂಬಿಸೀನಿ” ಎಂದು ಹೇಳಿ ಬಸ್ಸು ಹತ್ತಿದೆ.

ಅವತ್ತು ರಾತ್ರಿಯೇ ಊರಲ್ಲಿ ಗಾಳಿ ಮಳೆ. ಕರೆಂಟು ಹೋಗಿದೆ. ಬೆಳಿಗ್ಗೆ ಅಕ್ಕಾರು ಬಾಗಿಲು ತೆಗೆದರೆ ಹಾಲಿನ ತುಂಬ ನೀರು! ಪಾಪ, ಕಿಟಕಿಯಿಂದ ಮಳೆ ನೀರು ಬಂದಿರಬೇಕೆಂದು ಬಟ್ಟೆ ಹಿಡಿದು ಬರಿಗೈಯಿಂದ ಎಲ್ಲ ಒರೆಸಿದ್ದಾರೆ. ಮೇಲಿನ ತೊಟ್ಟಿ ನೋಡಿದರೆ ನೀರು ಸಾಕಷ್ಟಿದೆ, ಮೀನು ಓಡಾಡುತ್ತಿವೆ. ನಮ್ಮ ಪ್ರವಾಸ ಯಾಕೆ ಕೆಡಿಸಬೇಕೆಂದು ಫೋನೂ ಮಾಡಲಿಲ್ಲ. ಮೂರನೆಯ ದಿನ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ನಾಲ್ಕನೆಯ ದಿನ ಫೋನು ಬಂತು.

ನಾವು ತಿರುಗಿ ಬಂದು ನೋಡಿದರೆ, ಕಪಾಟಿನ ನೆಲದ ಮೇಲಿಟ್ಟಿದ್ದ ಎಕ್ಸ್‌ಟೆನ್ಷನ್ ಬೋರ್ಡಿಗೆ ನೀರು ಹೊಕ್ಕು ಟ್ರಿಪ್ಪರ್ ಬಿದ್ದಿತ್ತು. ಮಳೆ ನಿಂತು ಕರೆಂಟು ಬಂದರೂ ಪಂಪು ನಡೆದೇ ಇರಲಿಲ್ಲ. ಕಪಾಟಿನ ಪ್ಲೈವುಡ್ ಉಬ್ಬಿತ್ತು. ಅದರ ಪಕ್ಕದಲ್ಲಿ ನೆಲದ ಮೇಲಿದ್ದ ಕಿನ್ನಾಳದ ಗೊಂಬೆಯ ಬಣ್ಣ ಎದ್ದಿತ್ತು. ಮಗಳು ಅಳುತ್ತಿದ್ದಳು. ನನ್ನ ಬಾಯಿಗೆ ಬೀಗ ಇರಲಿಲ್ಲ. “ತುಂಬಿದ ತೊಟ್ಟಿಗೆ ಯಾಕ ಮತ್ತ ನೀರು ಸುರುವಿದ್ರಿ ಅಕ್ಕಾರ?” ಎಂದುಬಿಟ್ಟೆ. ಅವರು, “ತಂಗಿ, ನಾ ಒಂದು ತಂಬಿಗಿ ನೀರು ಸುದ್ದಾ ಹಾಕಿಲ್ಲವ್ವಾ” ಎಂದು ಹೇಳಿ, ಬೀಗದ ಕೈ ಟೇಬಲ್ ಮೇಲಿಟ್ಟು ಹೋದರು. ಆ ವರ್ಷ ನಾಗರ ಪಂಚಮಿಗೆ ಅವರ ಮನೆಯಿಂದ ಉಂಡಿ ಬರಲಿಲ್ಲ. ನಾನೂ ಕಳಿಸಲಿಲ್ಲ.

ತಪ್ಪು ಯಾರದು?

ದಸರೆಯ ರಜೆಯಲ್ಲಿ ಮಗಳ ಹಟಕ್ಕೆ ಮತ್ತೆ ತೊಟ್ಟಿ ತೊಳೆದು ನೀರು ತುಂಬಿಸಿದೆವು. ಪುಣ್ಯಕ್ಕೆ ಮೀನು ಇನ್ನೂ ತಂದಿರಲಿಲ್ಲ. ನನ್ನ ರೂಢಿಯಂತೆ ಸಂಪನ್ನು ಅಂಚಿನ ತನಕ ತುಂಬಿಸಿ, ಪಂಪು ಹಚ್ಚಿ, ಅಡಿಗೆಮನೆಗೆ ಹೋದೆ. ಕರೆಂಟು ಹೋಯಿತು. “ಅವ್ವಾ, ನೀರು!” ಎಂದು ಮಗಳು ಕೂಗಿದಳು. ಬಂದು ನೋಡುತ್ತೇನೆ, ಯಾರೂ ಮುಟ್ಟದ ಸಂಪಿನಿಂದ ನೀರು ತಾನೇ ಉಕ್ಕಿ ನೆಲಕ್ಕೆ ಹರಿಯುತ್ತಿದೆ! ನಾನು ಅಲ್ಲೇ ಕುಸಿದು ಕೂತೆ.

ಆಗಿದ್ದು ಇಷ್ಟೇ. ಪಂಪು ನಡೆಯುತ್ತಿರುವಾಗ ಮೇಲಿನ ತೊಟ್ಟಿಯ ನೀರು ತುಳುಕುವ ಅಂಚಿಗಿಂತ ಒಂದಿಷ್ಟು ಮೇಲೆ ನಿಂತಿರುತ್ತದೆ. ಕರೆಂಟು ಹೋದ ಕೂಡಲೇ ಆ ಹೆಚ್ಚಿನ ನೀರೆಲ್ಲ ಕೆಳಗಿಳಿಯುತ್ತದೆ. ಮೇಲಕ್ಕೆ ಕಳಿಸುವ ಕೊಳವೆಯಲ್ಲಿದ್ದ ನೀರೂ ತಿರುಗಿ ಬರುತ್ತದೆ. ಕೊಳವೆಯ ಬಾಯಿ ನೀರಿನೊಳಗೆ ಮುಳುಗಿದ್ದರೆ, ಸೀಮೆಎಣ್ಣೆಯನ್ನು ನಳಿಕೆಯಿಂದ ಎಳೆದು ಡಬ್ಬಿಗೆ ಬಿಡುತ್ತಿದ್ದೆವಲ್ಲ, ಹಾಗೆಯೇ ಮೇಲಿನ ನೀರು ಬಾಯಿಯ ಮಟ್ಟದ ತನಕ ಎಳೆದುಕೊಂಡು ಬರುತ್ತದೆ. ನಮ್ಮ ಅಳತೆಯ ತೊಟ್ಟಿಯಲ್ಲಿ ಒಂದು ಅಂಗುಲ ನೀರೆಂದರೆ ಹತ್ತು ಲೀಟರಿಗೂ ಮೇಲೆ. ಕಂಠಪೂರ್ತಿ ತುಂಬಿದ ಸಂಪಿನಲ್ಲಿ ಅದಕ್ಕೆ ಜಾಗವೆಲ್ಲಿ? ಎಲ್ಲವೂ ನೆಲಕ್ಕೆ.

ಇದನ್ನು ಬರೆಯುವಾಗ ನಮ್ಮ ತುಂಗಭದ್ರಾ ಅಣೆಕಟ್ಟು ನೆನಪಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಟ್ಟು 33 ಗೇಟು, ಹೋದದ್ದು ಒಂದೇ. ಆದರೂ ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಹೊರಗೆ ಬಿಡಬೇಕಾಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸುವ ತನಕ, ಎರಡನೇ ಬೆಳೆಗೆ ನೀರು ಉಳಿದೀತೋ ಇಲ್ಲವೋ ಎಂದು ನಮ್ಮ ಭತ್ತದ ಸೀಮೆಯವರು ಜೀವ ಕೈಯಲ್ಲಿ ಹಿಡಿದಿದ್ದರು. ತುಂಬಿದ ನೀರು ಭಾಗ್ಯವೇ ನಿಜ. ಆದರೆ ಅನುವು ತಪ್ಪಿದಾಗ ಅದು ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲೇ ಯೋಚಿಸಿರಬೇಕು. ಅಷ್ಟು ದೊಡ್ಡ ಜಲಾಶಯಕ್ಕೂ ಇದೇ ಮಾತು, ನಮ್ಮ ಹಾಲಿನ ಗಾಜಿನ ತೊಟ್ಟಿಗೂ ಇದೇ ಮಾತು.

ಕೊಡ ತುಂಬಿರಬೇಕು, ಹಂಡೆ ತುಂಬಿರಬೇಕು. ಮೀನಿನ ಸಂಪು ಮಾತ್ರ ಅರ್ಧ ಖಾಲಿ ಇರಬೇಕು. ನಾನು ಕಲಿತ ಪಾಠ ಇದೇ.

ಎರಡು ಗೆರೆ ಎಳೆಯಿರಿ

ಹಾಗಂತ ನೀರು ಕಡಿಮೆಯಾದರೂ ಗಂಡಾಂತರವೇ. ಇಲ್ಲಿ ಒಂದು ಸೂಕ್ಷ್ಮವಿದೆ. ನೀರು ಆರುವುದು ಹೆಚ್ಚಾಗಿ ಮೇಲಿನ ತೊಟ್ಟಿಯಿಂದ, ಇಳಿಯುವುದು ಕಾಣುವುದು ಮಾತ್ರ ಕೆಳಗಿನ ಪಂಪಿನ ಖಾನೆಯಲ್ಲಿ. ಮೇಲಿನದು ಯಾವಾಗಲೂ ಅಂಚಿನ ಮಟ್ಟಕ್ಕೇ ನಿಂತಿರುತ್ತದೆ. ಆದ್ದರಿಂದ ಮೇಲೆ ನೋಡಿ “ನೀರು ಐತಲ್ಲ” ಎಂದುಕೊಂಡರೆ ಮೋಸ ಹೋಗುತ್ತೀರಿ. ಪಂಪಿನ ಖಾನೆ ಚಿಕ್ಕದು. ನಮ್ಮದರಲ್ಲಿ ಒಂದೂವರೆ ಲೀಟರು ಆರಿದರೆ ಒಂದು ಅಂಗುಲ ಇಳಿಯುತ್ತದೆ. ಎರಡು ಮೂರು ದಿನ ಯಾರೂ ನೋಡದಿದ್ದರೆ ಪಂಪು ಗಾಳಿ ಎಳೆಯತೊಡಗುತ್ತದೆ. ನೀರೇ ಪಂಪಿಗೆ ತಂಪು. ನೀರಿಲ್ಲದೆ ತಿರುಗಿದರೆ ಕಾದು ಕೆಡುತ್ತದೆ.

ಅದಕ್ಕೇ ಎರಡು ಗೆರೆ. ಬೇರೇನೂ ಬೇಡ, ಉಗುರಿಗೆ ಹಚ್ಚುವ ಬಣ್ಣ ಸಾಕು. ಗಾಜಿನ ಹೊರಮೈಗೆ ಮಾತ್ರ ಹಚ್ಚಿ, ಒಳಗೆ ಬೇಡ.

ಕೆಳಗಿನ ಗೆರೆ: ಪಂಪಿನ ತಲೆಗಿಂತ ಎರಡು ಬೆರಳು ಮೇಲೆ. ನೀರು ಇದಕ್ಕಿಂತ ಇಳಿಯಬಾರದು.

ಮೇಲಿನ ಗೆರೆ: ಪಂಪು ನಡೆಯುವಾಗ ನೀರು ಇದಕ್ಕಿಂತ ಏರಬಾರದು. ಇದನ್ನು ಕಣ್ಣಂದಾಜಿನಲ್ಲಿ ಎಳೆಯಬೇಡಿ. ಸಂಪಿನಲ್ಲಿ ಕಡಿಮೆ ನೀರಿಟ್ಟು, ಪಂಪು ನಡೆಸಿ, ಆಮೇಲೆ ಸ್ವಿಚ್ಚು ತೆಗೆಯಿರಿ. ಹತ್ತು ನಿಮಿಷ ಕಾಯಿರಿ. ನೀರು ಎಷ್ಟು ಏರಿತೆಂದು ನೋಡಿ. ಅಂಚಿಗೆ ಇನ್ನೂ ಮೂರು ನಾಲ್ಕು ಅಂಗುಲ ಉಳಿದಿರಬೇಕು. ಉಳಿದಿದ್ದರೆ, ಪಂಪು ನಡೆಯುವಾಗ ಇದ್ದ ಮಟ್ಟಕ್ಕೆ ಗೆರೆ ಹಾಕಿ. ಕಡಿಮೆ ಉಳಿದಿದ್ದರೆ ನೀರು ತೆಗೆದು ಮತ್ತೆ ಪರೀಕ್ಷೆ ಮಾಡಿ.

ಮೇಲಕ್ಕೆ ನೀರು ಬಿಡುವ ಕೊಳವೆಯಲ್ಲಿ, ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು ಇರಬೇಕು. ನೀರು ಅಷ್ಟಕ್ಕೆ ಇಳಿದೊಡನೆ ತೂತಿನಿಂದ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಪಾಚಿ ಕಟ್ಟಿ ತೂತು ಮುಚ್ಚಿರುತ್ತದೆ, ಹೊರಡುವ ಮೊದಲು ಸೂಜಿ ಹಾಕಿ ಬಿಡಿಸಿ. ‘ತಿರುಗಿ ಬಾರದ ವಾಲ್ವ್ ಹಾಕಿದ್ದೇವೆ’ ಎಂದು ಕೆಲವರು ನೆಮ್ಮದಿಯಾಗಿರುತ್ತಾರೆ. ಅದರಲ್ಲಿ ಒಂದು ಚೂರು ಕಸ ಸಿಕ್ಕರೂ ನೀರು ಸೋರುತ್ತದೆ. ಇದ್ದರೆ ಇರಲಿ, ಅದನ್ನೇ ನಂಬಬೇಡಿ. ನಂಬಬೇಕಾದದ್ದು ಖಾಲಿ ಜಾಗವನ್ನು.

ಎಷ್ಟು ನೀರು ಆರುತ್ತದೆ?

ಇದಕ್ಕೆ ಊರಿಗೊಂದು, ಮನೆಗೊಂದು ಲೆಕ್ಕ. ಕರಾವಳಿಯ ಗಾಳಿಯಲ್ಲಿ ಹಸಿಯಿರುತ್ತದೆ, ನೀರು ನಿಧಾನವಾಗಿ ಆರುತ್ತದೆ. 40 ಡಿಗ್ರಿಯ ಆಸುಪಾಸಿನ ನಮ್ಮ ಒಣ ಬೇಸಿಗೆಯಲ್ಲಿ ಸಂಡಿಗೆ ಒಂದೇ ದಿನಕ್ಕೆ ಒಣಗುವುದಿಲ್ಲವೇ? ನೀರೂ ಹಾಗೆಯೇ. ಹೊರಡುವುದಕ್ಕೆ ಹದಿನೈದು ದಿನ ಮುಂಚೆ ಅಳೆಯಲು ಶುರುಮಾಡಿ. ದಿನಾ ಒಂದೇ ಹೊತ್ತಿಗೆ ಮೇಲಿನ ಗೆರೆಯ ತನಕ ಲೀಟರ್ ಬಾಟಲಿಯಿಂದ ನೀರು ಹಾಕಿ ಬರೆದಿಡಿ. ನಮ್ಮ ತೊಟ್ಟಿಯಲ್ಲಿ ಮುಚ್ಚಳವಿಲ್ಲದೆ, ಫ್ಯಾನು ತಿರುಗುವಾಗ ದಿನಕ್ಕೆ ಮೂರು ಲೀಟರು ಬೇಕಾಗುತ್ತಿತ್ತು. ಗಾಳಿಯಾಡಲು ಎರಡು ಬೆರಳು ಸಂದು ಬಿಟ್ಟು ಗಾಜು ಮುಚ್ಚಿದ ಮೇಲೆ ಒಂದೂವರೆ ಲೀಟರಿಗೆ ಇಳಿಯಿತು. ಹತ್ತು ದಿನಕ್ಕೆ ಹದಿನೈದು ಲೀಟರು.

ಈ ಹದಿನೈದು ಲೀಟರನ್ನು ಮೊದಲೇ ಸಂಪಿಗೆ ಸುರಿಯುವುದೇ ನನ್ನ ಹಳೆಯ ತಪ್ಪು. ಅದು ದಿನದಿನಕ್ಕೆ ಬೇಕಾದಷ್ಟೇ ಬೀಳುವಂತೆ ಮಾಡಬೇಕು. ಎರಡು ಉಪಾಯ ಹೇಳುತ್ತೇನೆ.

ಮೊದಲನೆಯದು ಕ್ಯಾನು ಮತ್ತು ಬಾಲ್ ವಾಲ್ವ್. ಮಾಳಿಗೆಯ ಮೇಲಿನ ಟ್ಯಾಂಕಿನಲ್ಲಿ ತೇಲುವ ಗುಂಡು ಇರುತ್ತದಲ್ಲ, ನೀರು ತುಂಬಿದೊಡನೆ ನಲ್ಲಿ ಮುಚ್ಚುವುದು, ಅದರದೇ ಚಿಕ್ಕ ಮರಿ ಮೀನಿನ ಅಂಗಡಿಯಲ್ಲಿ ಸಿಗುತ್ತದೆ. ಪಂಪಿನ ಖಾನೆಯಲ್ಲಿ ಮೇಲಿನ ಗೆರೆಯ ಮಟ್ಟಕ್ಕೆ ಅದನ್ನು ಕೂಡಿಸಿ. ಪಕ್ಕದಲ್ಲಿ ಸ್ಟೂಲಿನ ಮೇಲೆ ಹತ್ತು ಲೀಟರಿನ ಹೊಸ ಕ್ಯಾನು ಇಟ್ಟು ಸಣ್ಣ ನಳಿಕೆಯಿಂದ ಜೋಡಿಸಿ. ನೀರು ಇಳಿದಷ್ಟೂ ಕ್ಯಾನಿನಿಂದ ಬರುತ್ತದೆ. ಕರೆಂಟು ಹೋಗಿ ಸಂಪಿನ ನೀರು ಏರಿದರೆ ವಾಲ್ವ್ ಮುಚ್ಚಿಯೇ ಇರುತ್ತದೆ.

ಇದನ್ನು ಮಾತ್ರ ಮಾಳಿಗೆಯ ಟ್ಯಾಂಕಿನ ನಲ್ಲಿಗೆ ನೇರವಾಗಿ ಜೋಡಿಸಬೇಡಿ! ಗುಂಡು ಸಿಕ್ಕಿಕೊಂಡರೆ ಟ್ಯಾಂಕಿನ ನೀರೆಲ್ಲ ನಿಮ್ಮ ಹಾಲಿನಲ್ಲಿ. ಕ್ಯಾನು ಎಷ್ಟು ದೊಡ್ಡದಿರಬೇಕೆಂಬುದಕ್ಕೂ ಲೆಕ್ಕವಿದೆ. ನಮ್ಮ ಸಂಪು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಹಿಡಿಯುವುದು ಸುಮಾರು 56 ಲೀಟರು. ಪಂಪು ನಡೆಯುವಾಗ ಇರುವುದು 25 ಲೀಟರು. ಉಳಿದ ಜಾಗ 31. ಕರೆಂಟು ಹೋದರೆ ಮೇಲಿನಿಂದ ಬರುವುದು 11. ವಾಲ್ವ್ ಕೆಟ್ಟು ಕ್ಯಾನೆಲ್ಲ ಖಾಲಿಯಾದರೂ 10. ಎರಡೂ ಒಂದೇ ರಾತ್ರಿ ಆದರೂ 21, ಇನ್ನೂ ಹತ್ತು ಲೀಟರಿನ ಜಾಗ ಉಳಿಯುತ್ತದೆ. ನಿಮ್ಮ ತೊಟ್ಟಿಗೆ ಇದೇ ಕೂಡುವ ಕಳೆಯುವ ಲೆಕ್ಕ ಹಾಕಿಕೊಳ್ಳಿ. ಹತ್ತು ಲೀಟರು ಆರು ದಿನಕ್ಕೆ ಸಾಕು. ಐದನೆಯ ದಿನ ಯಾರಾದರೂ ಬಂದು ಕ್ಯಾನು ತುಂಬಿಸಿದರೆ ಹತ್ತು ದಿನ ದಾಟುತ್ತದೆ.

ಎರಡನೆಯದು ಬೋರಲು ಬಾಟಲಿ. ಕೋಳಿಮರಿಗಳಿಗೆ ನೀರಿಡಲು ಬಾಟಲಿಯನ್ನು ತಟ್ಟೆಯಲ್ಲಿ ಬೋರಲು ಹಾಕುವುದನ್ನು ನೀವು ನೋಡಿರಬಹುದು. ತಟ್ಟೆಯ ನೀರು ಬಾಯಿಗಿಂತ ಕೆಳಗಿಳಿದಾಗ ಬಾಟಲಿಯೊಳಗೆ ಗಾಳಿ ಹೊಕ್ಕು ಅಷ್ಟು ನೀರು ಬೀಳುತ್ತದೆ, ಬಾಯಿ ಮುಳುಗಿದರೆ ನಿಲ್ಲುತ್ತದೆ. ಐದು ಲೀಟರಿನ ಗಟ್ಟಿ ಬಾಟಲಿಯ ಬಾಯಿ ಮೇಲಿನ ಗೆರೆಗೆ ತಾಗುವಂತೆ ಭದ್ರವಾಗಿ ಕಟ್ಟಿದರೆ ಮೂರು ದಿನದ ಪ್ರಯಾಣಕ್ಕೆ ಸಾಕು. ವಾಲ್ವೂ ಬೇಡ, ಕರೆಂಟೂ ಬೇಡ.

ಯಾವುದೇ ಆಗಲಿ, ಒಂದು ವಾರ ಮುಂಚೆಯೇ ಹಚ್ಚಿ ನೀವು ಮನೆಯಲ್ಲಿದ್ದಾಗಲೇ ನಡೆಸಿ ನೋಡಿ. ಹೊರಡುವ ದಿನ ಹೊಸದೇನನ್ನೂ ಮುಟ್ಟಬೇಡಿ.

ಸಂಪಿಲ್ಲದ ಚಿಕ್ಕ ತೊಟ್ಟಿ ಇದ್ದವರಿಗೆ ಕೆಲಸ ಸುಲಭ. ನೀರು ಇಳಿಯುವುದು ಕಣ್ಣೆದುರಿಗೇ ಕಾಣುತ್ತದೆ. ಮುಚ್ಚಳ ಹಾಕಿ, ಫಿಲ್ಟರ್ ಮುಳುಗಿರುವ ಮಟ್ಟಕ್ಕೆ ಒಂದು ಗೆರೆ ಎಳೆದರೆ ಆಯಿತು.

ಸಾರಿನ ಉಪ್ಪು, ತೊಟ್ಟಿಯ ಗಡಸು

ಯಾವ ನೀರು ಹಾಕಬೇಕು? ಸಾರು ಕುದ್ದು ಬತ್ತಿದರೆ ಉಪ್ಪಾಗುತ್ತದೆ. ಆಗ ನಾವು ಬರೀ ನೀರು ಸೇರಿಸುತ್ತೇವೆಯೇ ಹೊರತು ಉಪ್ಪುನೀರನ್ನಲ್ಲ. ತೊಟ್ಟಿಯಲ್ಲೂ ಹಾಗೆಯೇ. ಆವಿಯಾಗಿ ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಲವಣ ಅಲ್ಲೇ ಉಳಿಯುತ್ತದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಅನೇಕ ಊರುಗಳ ಬೋರ್ ನೀರು ಗಡಸು, ಫ್ಲೋರೈಡ್ ಕೂಡ ಹೆಚ್ಚು. ನೀರು ಕಾಸುವ ಹಂಡೆಯ ತಳಕ್ಕೆ ಕಟ್ಟುವ ಬಿಳಿ ಚಿಪ್ಪು ನೋಡಿದರೆ ಗೊತ್ತಾಗುತ್ತದೆ. ಆರಿದ ಜಾಗಕ್ಕೆ ಅದೇ ನೀರನ್ನು ಮತ್ತೆ ಮತ್ತೆ ಸೇರಿಸಿದರೆ ತೊಟ್ಟಿಯ ನೀರು ದಿನದಿನಕ್ಕೆ ಗಡಸಾಗುತ್ತ ಹೋಗುತ್ತದೆ.

ಆದ್ದರಿಂದ ಆರಿದ್ದನ್ನು ತುಂಬಲು ಶುದ್ಧ ಕುಡಿಯುವ ನೀರಿನ ಘಟಕದ ನೀರು, ಇಲ್ಲವೇ ಶುಚಿಯಾಗಿ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಇದು ಆರಿದ ಪಾಲಿಗೆ ಮಾತ್ರ. ತೊಟ್ಟಿಯ ಹಳೆ ನೀರು ತೆಗೆದು ಹೊಸದು ಹಾಕುವಾಗ ಮೀನಿಗೆ ರೂಢಿಯಾದ ನೀರೇ ಇರಲಿ. ನಲ್ಲಿಯ ನೀರಾದರೆ ಕ್ಲೋರಿನ್ ಬಿಡಿಸುವ ಹನಿಮದ್ದು ಹಾಕಿಯೇ ಬಳಸಿ. ಬಾಯಗಲದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೂ ಸಾದಾ ಕ್ಲೋರಿನ್ ಹೋಗುತ್ತದೆ. ಕ್ಯಾನಿನ ಬಾಯಿಗೆ ತೆಳು ಬಟ್ಟೆ ಕಟ್ಟಿ.

ಕರೆಂಟಿನ ಜೊತೆ ಚೆಲ್ಲಾಟ ಬೇಡ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಆ ದಿನ ಅಕ್ಕಾರು ಬರಿಗೈಯಿಂದ ಒರೆಸಿದ ನೀರಿನಲ್ಲಿ ನನ್ನ ಎಕ್ಸ್‌ಟೆನ್ಷನ್ ಬೋರ್ಡು ಬಿದ್ದಿತ್ತು. ಟ್ರಿಪ್ಪರ್ ಬಿದ್ದಿರದಿದ್ದರೆ? ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಮೀನಿಗಾಗಿ ಅತ್ತ ನಾನು, ಒಂದು ಜೀವ ಉಳಿದದ್ದಕ್ಕೆ ದೇವರಿಗೆ ಕೈ ಮುಗಿಯುವ ಬದಲು ಅವರನ್ನೇ ಬೈದಿದ್ದೆ.

ಬೋರ್ಡನ್ನು ನೆಲದ ಮೇಲಾಗಲಿ ಕಪಾಟಿನ ತಳದಲ್ಲಾಗಲಿ ಇಡಬೇಡಿ. ತೊಟ್ಟಿಗಿಂತ ಎತ್ತರದಲ್ಲಿ ಗೋಡೆಗೆ ಕೂಡಿಸಿ. ವೈರು ಸಾಕೆಟ್ಟಿಗಿಂತ ಕೆಳಕ್ಕೆ ಜೋಲುಬಿದ್ದು ಆಮೇಲೆ ಮೇಲೆ ಹೋಗುವಂತಿರಲಿ. ವೈರಿನ ಗುಂಟ ಇಳಿದ ಹನಿ ಆ ಜೋಲಿನಿಂದ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಕರೆಂಟು ಸೋರಿದರೆ ಕೂಡಲೇ ಬೀಳುವ ಟ್ರಿಪ್ಪರ್ ಮನೆಯಲ್ಲಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಕೇಳಿ, ಇಲ್ಲದಿದ್ದರೆ ಹಾಕಿಸಿ. ಬೀಗದ ಕೈ ಹಿಡಿದವರಿಗೆ, ನೆಲದ ಮೇಲೆ ನೀರು ಕಂಡರೆ ಒಳಗೆ ಕಾಲಿಡದೆ ಮೊದಲು ಮೇನ್ ಸ್ವಿಚ್ ತೆಗೆಯಬೇಕೆಂದು ಹೇಳಿಡಿ. ಮೇನ್ ಸ್ವಿಚ್ ಎಲ್ಲಿದೆಯೆಂದು ಕೈ ಹಿಡಿದು ತೋರಿಸಿ.

ಕರೆಂಟು ಬಹಳ ಹೊತ್ತು ಹೋದರೆ ಮೀನಿಗೆ ಉಸಿರುಕಟ್ಟುತ್ತದೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ನಿಲ್ಲುವ ಆಮ್ಲಜನಕ ಕಡಿಮೆ. ಆದ್ದರಿಂದ ಬೇಸಿಗೆಯಲ್ಲಿ ಅಪಾಯ ಹೆಚ್ಚು. ಕರೆಂಟು ಹೋದೊಡನೆ ತಾನೇ ಶುರುವಾಗುವ ಬ್ಯಾಟರಿಯ ಗಾಳಿಪಂಪು ಸಿಗುತ್ತದೆ. ಇನ್ವರ್ಟರ್ ಇದ್ದರೆ ಪಂಪನ್ನು ಅದಕ್ಕೆ ಜೋಡಿಸಬಹುದು. ಮುಚ್ಚಿದ ಮನೆ ಕಾಯುತ್ತದೆ. ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆದು, ಮೇಲಿನ ವೆಂಟಿಲೇಟರ್ ತೆರೆದಿಡಿ.

ಊಟ ಕಡಿಮೆಯಾದರೆ ಸಾಯುವುದಿಲ್ಲ

ನಮಗೆ ಹೆಂಗಸರಿಗೆ ಯಾರೂ ಉಪವಾಸ ಇರಬಾರದು. ಆದರೆ ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ಊಟವಿಲ್ಲದೆ ಇರಬಲ್ಲದು. ಕೆಡುವುದು ಹೆಚ್ಚಿಗೆ ಹಾಕಿದರೆ. ತಿನ್ನದೆ ಉಳಿದದ್ದು ಕೊಳೆತು ನೀರಿಗೆ ವಿಷವಾಗುತ್ತದೆ. ‘ಒಂದು ಚಿಟಿಕೆ’ ಅನ್ನಬೇಡಿ, ನಿಮ್ಮ ಚಿಟಿಕೆಯೇ ಬೇರೆ, ಅವರ ಚಿಟಿಕೆಯೇ ಬೇರೆ. ಎರಡು ದಿನಕ್ಕೊಂದರಂತೆ ಸಣ್ಣ ಪೊಟ್ಟಣ ಕಟ್ಟಿ ಮೇಲೆ ತಾರೀಖು ಬರೆದು, ಉಳಿದ ಡಬ್ಬಿಯನ್ನು ಒಳಗಿಡಿ. ಹೊರಡುವ ಮೂರು ದಿನ ಮುಂಚೆ ತೊಟ್ಟಿಯ ಕಾಲು ಭಾಗ ನೀರು ಬದಲಿಸಿ. ಸ್ಪಂಜನ್ನು ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನಲ್ಲಿ ನೀರಿನ ಕ್ಲೋರಿನ್ ತಾಗಿದರೆ, ಮೀನಿನ ಹೊಲಸನ್ನು ಅರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ.

ಅಂಗಳದ ಸಂಪನ್ನು ಮರೆಯಬೇಡಿ

ಮೀನಿನ ಸಂಪು ನೋಡುವ ಭರದಲ್ಲಿ ಮನೆಯ ಸಂಪನ್ನು ತೆರೆದಿಟ್ಟು ಹೋಗಬೇಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಾವು ಕೂಡಿಟ್ಟ ತಿಳಿನೀರಿನಲ್ಲೇ. ಬೇಸಿಗೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅಂದರೆ ನೀವು ಪ್ರವಾಸ ಮುಗಿಸಿ ಬರುವಷ್ಟು ಹೊತ್ತು! ಮುಚ್ಚಳ ಬಿಗಿಯಿರಲಿ. ಬಕೆಟ್ಟು, ಕೂಲರ್ ಖಾಲಿ ಮಾಡಿ ಬೋರಲು ಹಾಕಿ. ಸೊಳ್ಳೆಯ ಮರಿ ತಿನ್ನಲೆಂದು ಸಂಪಿಗೆ ಗಪ್ಪಿ, ಗಂಬೂಸಿಯಾ ಮೀನು ಬಿಟ್ಟಿದ್ದರೆ ಅವು ಅಲ್ಲೇ ಇರಲಿ. ಕೆರೆ ಕಾಲುವೆಗೆ ಬಿಡಬೇಡಿ, ನಮ್ಮ ನೀರಿನ ಸಣ್ಣ ಮೀನುಗಳಿಗೆ ಅವು ಕಂಟಕ.

ಬೀಗದ ಕೈ ಜೊತೆ ಒಂದು ಚೀಟಿ

ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಕಪಾಟಿನ ಬಾಗಿಲಿಗೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ. ನಾನು ಬರೆದದ್ದು ಇಷ್ಟೇ:

1. ನೆಲ ಒಣಗಿದೆಯೇ? ಹಸಿಯಿದ್ದರೆ ಒಳಗೆ ಬರಬೇಡಿ. ಮೇನ್ ಸ್ವಿಚ್ ತೆಗೆದು ಫೋನು ಮಾಡಿ.

2. ಪಂಪಿನ ಸದ್ದು ಕೇಳುತ್ತಿದೆಯೇ? ಕೇಳದಿದ್ದರೆ ಫೋನು ಮಾಡಿ.

3. ಕೆಳಗಿನ ನೀರು ಎರಡು ಗೆರೆಗಳ ನಡುವೆ ಇದೆಯೇ? ಇದ್ದರೆ ಏನೂ ಮಾಡಬೇಡಿ.

4. ಐದನೆಯ ದಿನ ಕ್ಯಾನು ತುಂಬಿಸಿ. ತೊಟ್ಟಿಗೆ ನೇರವಾಗಿ ನೀರು ಹಾಕಬೇಡಿ.

5. ನಮ್ಮ ಪ್ರವಾಸ ಕೆಡುತ್ತದೆಂದು ಫೋನು ಮಾಡದೆ ಇರಬೇಡಿ. ಏನೇ ಆದರೂ ತಪ್ಪು ನಮ್ಮದು, ನಿಮ್ಮದಲ್ಲ.

ಕೊನೆಯ ಸಾಲು ಮೀನಿಗಾಗಿ ಬರೆದದ್ದಲ್ಲ.

ಆ ದಸರೆಯ ಮರುದಿನ ಕರ್ಚಿಕಾಯಿ ಕರಿದು, ಡಬ್ಬಿ ಹಿಡಿದು ಪಕ್ಕದ ಮನೆಗೆ ಹೋದೆ. ಬಾಗಿಲಲ್ಲಿ ನಿಂತು, “ಅಕ್ಕಾರ, ನೀರು ನೀವು ಸುರುವಿದ್ದಲ್ರಿ. ನಾನೇ ತುಂಬಿಸಿಟ್ಟಿದ್ದು ಉಕ್ಕೇತಿ. ನಿನ್ನೆ ನನ್ನ ಕಣ್ಣಿಲೆ ನೋಡಿದೆ. ತಪ್ಪಾತ್ರಿ” ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಒಳಗ ಬಾ ತಂಗಿ, ಚಾ ಇಟ್ಟೀನಿ” ಎಂದರು. ಡಬ್ಬಿ ಮರುದಿನ ತಿರುಗಿ ಬಂತು. ಖಾಲಿ ಡಬ್ಬಿ ಕಳಿಸುವ ಪದ್ಧತಿ ಅವರ ಮನೆಯಲ್ಲಿಲ್ಲ, ತುಂಬ ಶೇಂಗಾ ಉಂಡಿ ಇದ್ದವು.

ಮುಂದಿನ ಬೇಸಿಗೆಗೆ ಹತ್ತು ದಿನ ಊರು ಬಿಟ್ಟೆವು. ಬೀಗದ ಕೈ ಅವರ ಕೈಯಲ್ಲೇ. ಆರನೆಯ ದಿನ ಫೋನು ಬಂತು. ನನ್ನ ಎದೆ ಧಸಕ್ಕೆಂದಿತು. “ಗಾಬರಿ ಆಗಬ್ಯಾಡ. ರಾತ್ರಿ ನಾಕು ತಾಸು ಕರೆಂಟು ಇರಲಿಲ್ಲ. ನೆಲ ಒಣಗೈತಿ, ಪಂಪು ನಡದೈತಿ, ನೀರು ಗೆರಿ ನಡುವ ಐತಿ. ನಿನ್ನ ಮಗಳಿಗೆ ಹೇಳು, ಎಂಟೂ ಮೀನು ಅರಾಮ ಅದಾವು” ಎಂದರು ಅಕ್ಕಾರು.

ಗೆಳತಿಯರೇ, ಪೆಟ್ಟಿಗೆ ಕಟ್ಟುವ ಮೊದಲು ಒಂದು ಸಲ ತೊಟ್ಟಿಯ ಸ್ವಿಚ್ಚು ತೆಗೆದು ಹತ್ತು ನಿಮಿಷ ಅದರ ಮುಂದೆ ಕೂತು ನೋಡಿ. ನೀವಿಲ್ಲದ ರಾತ್ರಿ ಏನಾಗಬಹುದೆಂದು ಅದೇ ತೋರಿಸುತ್ತದೆ.